ಕುಯ್ಯುವವಳೂ ಕೊರೆಯುವವರೂ

ಊರಿನಲ್ಲಿ ಅವಳಿಗೆ ಚಿಕ್ಕ ಪಿಟೀಲು ಎಂದೇ ಹೆಸರು. ದೊಡ್ಡ ಪಿಟೀಲು ಅಂದರೆ ಅವಳ ದೊಡ್ಡಪ್ಪ. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು, ಇವಳ ತಲೆಯಲ್ಲೂ ಅಲ್ಲಲ್ಲಿ ಬೆಳ್ಳಿ ಮೂಡಿತ್ತು. ಆದರೂ ಆ 'ಚಿಕ್ಕ' ಮಾತ್ರ ಅವಳನ್ನು ಬಿಟ್ಟು ಹೋಗಿರಲಿಲ್ಲ. ಹೋಗುವ ಲಕ್ಷಣವೂ ಇರಲಿಲ್ಲ.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ದೊಡ್ಡಪ್ಪ ದೊಡ್ಡಮ್ಮ. ದೊಡ್ಡಪ್ಪ ಪಾಠ ಹೇಳುತ್ತಿದ್ದದ್ದು ಒಂದೇ ಮಾತಿನಲ್ಲಿ: "ನಾನು ನುಡಿಸಿದ ಹಾಗೆ ನುಡಿಸು." ಅವಳು ಹಾಗೇ ನುಡಿಸಿದಳು. ಎಷ್ಟರಮಟ್ಟಿಗೆ ಅಂದರೆ, ಉದ್ದನೆಯದೊಂದು ಭಾಗ ಮುಗಿಸಿದ ಮೇಲೆ ದೊಡ್ಡಪ್ಪ ಸಣ್ಣಗೆ ಕೆಮ್ಮುತ್ತಿದ್ದರು. ಅದು ಗಂಟಲಿನ ಕೆರೆತವೇ ಹೊರತು ಸಂಗೀತಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅವಳು ಅದನ್ನೂ ಕಲಿತುಬಿಟ್ಟಳು. ಅಲ್ಲಿ ಕೆಮ್ಮದಿದ್ದರೆ ಅವಳಿಗೆ ತಾಳ ತಪ್ಪುತ್ತಿತ್ತು. ದೊಡ್ಡಪ್ಪನಿಗೆ ಎಡಗಿವಿ ಮಂದವಾಗಿದ್ದರಿಂದ ತಲೆಯನ್ನು ಬಲಕ್ಕೆ ವಾಲಿಸಿ ನುಡಿಸುತ್ತಿದ್ದರು. ಎರಡು ಕಿವಿಯೂ ನೆಟ್ಟಗಿದ್ದ ಇವಳ ತಲೆಯೂ ಬಲಕ್ಕೇ ವಾಲಿತು.

ದೊಡ್ಡಪ್ಪ ಹೋದ ಮೇಲೆ ಸಂಗೀತ ಭವನದವರು ಅವರ ಜಾಗಕ್ಕೆ ಅವಳನ್ನು ಕರೆದರು. ವೇದಿಕೆಯ ಮೇಲೆ ಅವಳ ಪಕ್ಕಕ್ಕೆ ಒಂದು ಕುರ್ಚಿ ಹಾಕಿ, ಅದರ ಮೇಲೆ ದೊಡ್ಡಪ್ಪನ ಫೋಟೋ ಇಡುತ್ತಿದ್ದರು. ಅವಳು ಕಮಾನು ಎಳೆದ ಕೂಡಲೇ ಇಡೀ ಸಭಾಂಗಣ ಕಣ್ಣು ಮುಚ್ಚುತ್ತಿತ್ತು. ಅವಳು ಕೆಮ್ಮಿದಾಗ ಮುಂದಿನ ಸಾಲಿನ ಹಿರಿಯರು "ಆಹಾ!" ಅನ್ನುತ್ತಿದ್ದರು. ಅಷ್ಟು ವರ್ಷ ನುಡಿಸಿದರೂ ಅವಳ ಮುಖ ಹೇಗಿದೆ ಎಂದು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಭವನದ ಕಾರ್ಯದರ್ಶಿಯವರು ಕಾಫಿ ಲೋಟವನ್ನು ತಂದು ಫೋಟೋದ ಮುಂದೆ ಇಟ್ಟು, ಇವಳ ಕಡೆ ತಿರುಗಿ, "ಅಮ್ಮಾ, ಸ್ವಲ್ಪ ಆ ಕಡೆ ಸರೀರಿ, ಯಜಮಾನರಿಗೆ ಗಾಳಿ ಬರ್ಲಿ," ಎಂದಿದ್ದರು. ಅವಳು ಸರಿದು ಕೂತಿದ್ದಳು.

ಮನೆಯಲ್ಲಿಯೂ ಅದೇ ಕತೆ. ಸಂಜೆ ಅವಳು ಅಭ್ಯಾಸಕ್ಕೆ ಕೂತರೆ ದೊಡ್ಡಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಗಂಡನ ಜೊತೆ ಜಗಳ ಶುರು ಮಾಡುತ್ತಿದ್ದರು.

"ಅಲ್ಲಾ, ನನ್ನ ತಂಗಿ ಮನೆಗೆ ಬರ್ತೀನಿ ಬರ್ತೀನಿ ಅಂತ ಹೇಳಿ ಕೊನೇ ಗಳಿಗೇಲಿ ಕೈ ಕೊಟ್ರಲ್ಲ, ಅದಕ್ಕೇನು ಹೇಳ್ತೀರಿ?"

ಪಿಟೀಲು ತನ್ನ ಪಾಡಿಗೆ ತಾನು ನುಡಿಯುತ್ತಿತ್ತು.

"ಹೂಂ, ಹೀಗೇ ಮಾತು ತೇಲಿಸಿಬಿಡಿ. ನಿಮಗೆ ಬೇರೇನು ಬರುತ್ತೆ!"

ಬದುಕಿದ್ದಾಗ ದೊಡ್ಡಪ್ಪ ಇಷ್ಟು ಹೊತ್ತು ಒಂದೇ ಕಡೆ ಕೂತು ಹೆಂಡತಿಯ ಮಾತು ಕೇಳಿದವರಲ್ಲ. ಹಾಗಾಗಿ ದೊಡ್ಡಮ್ಮನ ಸಂಸಾರ ಈಗ ಮೊದಲಿಗಿಂತ ಚೆನ್ನಾಗಿಯೇ ನಡೆದಿತ್ತು. ಮಧ್ಯೆ ಏನಾದರೂ ಹೇಳಲು ಚಿಕ್ಕ ಪಿಟೀಲಿಗೆ ಧೈರ್ಯವಾಗುತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ತಾನ್ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಿರುತ್ತಿದ್ದಳು.

ಹೀಗಿರುವಾಗ ಸಂಗೀತ ಭವನದವರಿಗೆ ದೊಡ್ಡಪ್ಪನ ಹಳೆಯ ಧ್ವನಿಮುದ್ರಣಗಳ ಒಂದು ಕಟ್ಟೇ ಸಿಕ್ಕಿಬಿಟ್ಟಿತು. ಕಾರ್ಯದರ್ಶಿಯವರು ಸ್ವತಃ ಮನೆಗೆ ಬಂದು, ಬಹಳ ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ತಪ್ಪು ತಿಳೀಬೇಡಿ. ನಿಮ್ಮದು ಅವರ ಹಾಗೇ ಇರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದು ಅವರದ್ದೇ ನೋಡಿ."

ಅವರು ಹೇಳಿದ್ದು ನಿಜವಾಗಿತ್ತು. ಮುಂದಿನ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಫೋಟೋ ಇತ್ತು, ಅದರ ಪಕ್ಕದಲ್ಲಿ ಒಂದು ಧ್ವನಿವರ್ಧಕವಿತ್ತು. ಹಿಂದಿನ ಸಾಲಿನಲ್ಲಿ ಕೂತು ಕೇಳಿದ ಅವಳು, ಕೆಮ್ಮು ಬರಬೇಕಾದ ಕಡೆ ತಾನೂ ಕೆಮ್ಮಿದಳು. ಪಕ್ಕದವರು ಸಿಟ್ಟಿನಿಂದ ತಿರುಗಿ ನೋಡಿದರು.

ಅದೇ ವಾರ ಅವಳಿಗೆ ದವಡೆ ಹಲ್ಲು ನೋವು ಶುರುವಾಯಿತು.

ಸಂತೆ ಬೀದಿಯ ಮೂಲೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿತ್ತು. ಡಾಕ್ಟರು ಒಳ್ಳೆಯವರು, ಕೈ ಹಗುರ, ಮಾತು ಮೃದು. ಆದರೆ ಅವರ ಹಲ್ಲು ಕೊರೆಯುವ ಯಂತ್ರ ಮಾತ್ರ ಹಳೇ ಕಾಲದ್ದು. ಶುರು ಮಾಡಿದರೆ ಕೆಳಗಿನ ಚಪ್ಪಲಿ ಅಂಗಡಿಯವನು ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ವ್ಯಾಪಾರ ಮಾಡಬೇಕಾಗುತ್ತಿತ್ತು. ಹೊರಗಿನ ಕೋಣೆಯಲ್ಲಿ ಕಾಯುತ್ತಿದ್ದ ರೋಗಿಗಳು ಆ ಕಿರುಚಾಟ ಕೇಳಿ, ಒಬ್ಬೊಬ್ಬರಾಗಿ, ಹಲ್ಲು ನೋವು ವಾಸಿಯಾದವರ ಹಾಗೆ ನಗುತ್ತ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದರು. ಅವರನ್ನು ಅರ್ಧ ದಾರಿಯಿಂದ ಹಿಡಿದು ತರುವುದೇ ಅಲ್ಲಿನ ನರ್ಸಮ್ಮನ ಮುಖ್ಯ ಕೆಲಸವಾಗಿತ್ತು. ನರ್ಸಮ್ಮ ಎತ್ತರದ ಹೆಂಗಸು, ಹಿಡಿದರೆ ಬಿಡುವವರಲ್ಲ.

ಚಿಕ್ಕ ಪಿಟೀಲು ಓಡಿ ಹೋಗಲಿಲ್ಲ. ಬಾಯಿ ತೆರೆದುಕೊಂಡು ಕೂತು ಯಂತ್ರವನ್ನು ಕೇಳಿದಳು. ಕೆಲಸ ಮುಗಿದು ಬಾಯಿ ಮುಕ್ಕಳಿಸಿದ ಮೇಲೆ, ಮರಗಟ್ಟಿದ ತುಟಿಯಿಂದಲೇ ಅಂದಳು, "ಡಾಕ್ಟ್ರೇ, ನಿಮ್ಮ ಮಿಷನ್ನು ಹಲ್ಲಿಗೆ ತಾಗಿದಾಗ ಕೆಳಗಿನ ಸ್ವರಕ್ಕೆ ಇಳಿಯುತ್ತೆ."

ಡಾಕ್ಟರು ಕೈಗವಸು ಬಿಚ್ಚುತ್ತಿದ್ದವರು ನಿಂತರು. ತಮ್ಮ ಯಂತ್ರದ ಬಗ್ಗೆ ಬೈಗುಳವಲ್ಲದ ಮಾತನ್ನು ಅವರು ಕೇಳಿದ್ದು ಅದೇ ಮೊದಲು. "ನೀವು ಪಿಟೀಲು ನುಡಿಸೋರಲ್ವಾ? ಇಲ್ಲೇ ಹೊರಗಿನ ಕೋಣೇಲಿ ಕೂತು ನುಡಿಸ್ತೀರಾ? ಸಂಬಳ ಕೊಡ್ತೀನಿ. ಈ ಶಬ್ದ ಅದರಲ್ಲಿ ಮುಚ್ಚಿಹೋದ್ರೆ ಸಾಕು."

ಅವಳಿಗೆ ಬೇರೆ ಕೆಲಸವಿರಲಿಲ್ಲ. ಒಪ್ಪಿಕೊಂಡಳು.

ಮೊದಲ ದಿನಗಳು ಹೇಳಬಾರದ ಹಾಗಿದ್ದವು. ಅವಳು ದೊಡ್ಡಪ್ಪನ ರಾಗಗಳನ್ನು ದೊಡ್ಡಪ್ಪನ ಹಾಗೇ ನುಡಿಸಿದಳು. ಒಳಗಿಂದ ಯಂತ್ರ ಬೇರೆಯದೇ ಶ್ರುತಿಯಲ್ಲಿ ಕಿರುಚಿತು. ಎರಡೂ ಸೇರಿ ಬೆಕ್ಕುಗಳೆರಡು ಆಸ್ತಿ ಪಾಲು ಮಾಡಿಕೊಳ್ಳುತ್ತಿರುವ ಹಾಗೆ ಕೇಳಿಸಿತು. ಮೊದಲು ಒಬ್ಬೊಬ್ಬರಾಗಿ ಓಡುತ್ತಿದ್ದ ರೋಗಿಗಳು ಈಗ ಗುಂಪಾಗಿ ಓಡತೊಡಗಿದರು. ನರ್ಸಮ್ಮನಿಗೆ ಎರಡು ಕೈ ಸಾಲದಾಯಿತು. ಅವರ ಕೈಗೆ ಸಿಕ್ಕಿಬಿದ್ದ ಒಬ್ಬ ಗಾರೆ ಮೇಸ್ತ್ರಿ ಅಂಗಲಾಚಿದ: "ಅಮ್ಮಾ, ಒಳಗೆ ಅವರು ಕೊರೀತಾರೆ, ಹೊರಗೆ ಇವರು ಕುಯ್ತಾರೆ. ಎರಡರಲ್ಲಿ ಒಂದು ಮಾಡಿ. ಎರಡೂ ತಡೆಯೋ ಶಕ್ತಿ ನನಗಿಲ್ಲ."

ಅವಳಿಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮುಂಚೆಯೇ ಹೋಗಿ, "ಡಾಕ್ಟ್ರೇ, ಒಂದ್ಸಲ ಸುಮ್ಮನೆ ಗಾಳೀಲಿ ಓಡಿಸಿ," ಎಂದಳು. ಡಾಕ್ಟರು ಯಂತ್ರದ ಪೆಡಲು ಒತ್ತಿದರು. ಅವಳು ಬಿರಡೆ ತಿರುಗಿಸಿ ಪಿಟೀಲನ್ನು ಯಂತ್ರದ ಶ್ರುತಿಗೆ ತಂದಳು. ಅದು ಯಾವ ಮನುಷ್ಯರೂ ಹಾಡದ, ಯಾವ ಗುರುವೂ ಒಪ್ಪದ, ಎರಡು ಸ್ವರಗಳ ನಡುವಿನ ಸಂದಿಯ ಶ್ರುತಿ. ದೊಡ್ಡಪ್ಪ ಇದ್ದಿದ್ದರೆ ಪಿಟೀಲನ್ನು ಕಸಿದುಕೊಳ್ಳುತ್ತಿದ್ದರು.

ಆಮೇಲೆ ರೋಗಿ ಬಂದು ಕೂತ. ಯಂತ್ರ ಎದ್ದಿತು, ಹಲ್ಲಿಗೆ ತಾಗಿ ಇಳಿಯಿತು, ಹುಳುಕಿನೊಳಗೆ ಹೋದಾಗ ಮತ್ತೆ ನಿಧಾನವಾಗಿ ಏರಿತು. ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಯಾವಾಗ ಡಾಕ್ಟರು "ಉಗೀರಿ" ಅನ್ನುತ್ತಾರೆ, ಒಂದೂ ಮೊದಲೇ ಗೊತ್ತಾಗುವಂತಿರಲಿಲ್ಲ. ದೊಡ್ಡಪ್ಪ ಇದನ್ನು ಎಂದೂ ನುಡಿಸಿರಲಿಲ್ಲ. ನೋಡಿ ನುಡಿಸೋಣವೆಂದರೆ ಮುಂದೆ ಯಾರೂ ಇರಲಿಲ್ಲ. ಅವಳು ಯಂತ್ರದ ಹಿಂದೆ ಹಿಂದೆಯೇ ಹೋದಳು. ಅದು ನಿಂತಾಗ ತಾನೊಬ್ಬಳೇ ಎರಡು ಹೆಜ್ಜೆ ಮುಂದೆ ಹೋಗಿ ಕಾದಳು. ಅದು ಕಿರುಚಿದಾಗ ಕೆಳಗಿನಿಂದ ಬಂದು ಅದಕ್ಕೆ ಹೆಗಲು ಕೊಟ್ಟಳು. ರೋಗಿ ಎದ್ದು ಹೋದ ಮೇಲೆ ನೋಡಿಕೊಂಡರೆ ಅವಳ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು, ತಲೆ ಎಡಕ್ಕೆ, ಒಳಕೋಣೆಯ ಬಾಗಿಲ ಕಡೆಗೆ ವಾಲಿತ್ತು. ಅಷ್ಟು ಹೊತ್ತಿನಲ್ಲಿ ಅವಳು ಒಮ್ಮೆಯೂ ಕೆಮ್ಮಿರಲಿಲ್ಲ.

ಆ ದಿನ ಮೆಟ್ಟಿಲಿಳಿದು ಓಡಿದವರು ಯಾರೂ ಇಲ್ಲ. ನರ್ಸಮ್ಮ ಬಹಳ ವರ್ಷಗಳ ನಂತರ ಕುರ್ಚಿಯಲ್ಲಿ ಕೂತರು, ಕೂತು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಎದ್ದರು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಸ್ವಲ್ಪ ದಿನಕ್ಕೆ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಕಷ್ಟವೆಂದರೆ ಬಂದವರಲ್ಲಿ ಅರ್ಧ ಜನರ ಹಲ್ಲು ಗಟ್ಟಿಮುಟ್ಟಾಗಿತ್ತು. ಡಾಕ್ಟರು ಬಾಯಿ ತೆರೆಸಿ, ಕನ್ನಡಿ ಇಟ್ಟು ನೋಡಿ, "ಏನೂ ಇಲ್ಲವಲ್ಲ!" ಅಂದರೆ, ಅವರು "ಸ್ವಲ್ಪ ಸರಿಯಾಗಿ ನೋಡಿ ಡಾಕ್ಟ್ರೇ, ಎಲ್ಲಾದ್ರೂ ಇದ್ದೀತು," ಎಂದು ಗೋಗರೆಯುತ್ತಿದ್ದರು. ನಿವೃತ್ತ ಹೆಡ್‌ಮಾಸ್ತರೊಬ್ಬರು ದಿನವೂ ಬಂದು ಮೂಲೆಯಲ್ಲಿ ಕೂರುತ್ತಿದ್ದರು. ಅವರ ಬಾಯಲ್ಲಿ ಸ್ವಂತದ್ದು ಅಂತ ಒಂದು ಹಲ್ಲೂ ಇರಲಿಲ್ಲ. ನರ್ಸಮ್ಮ ಕೇಳಿದರೆ, "ಅಮ್ಮಾ, ನಾನು ಹಳೇ ರೋಗಿ," ಎಂದು ಘನವಾಗಿ ಹೇಳುತ್ತಿದ್ದರು.

ಇನ್ನೊಂದು ತಾಪತ್ರಯವೂ ಶುರುವಾಯಿತು. ಡಾಕ್ಟರು ತಾವೂ ಸಂಗೀತಗಾರರೆಂದು ತಿಳಿದುಕೊಂಡರು. ಕೂದಲನ್ನು ಹಿಂದಕ್ಕೆ ಬಾಚತೊಡಗಿದರು. ಪೆಡಲನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ತಾಳ ಹಾಕಿ ಕೊರೆಯತೊಡಗಿದರು. ಮುಗಿದ ಹಲ್ಲನ್ನೂ ಬಿಡಲು ಮನಸ್ಸಿಲ್ಲದೆ ಇನ್ನೊಂದು ಸುತ್ತು ಹೋಗಿಬರುತ್ತಿದ್ದರು. ನರ್ಸಮ್ಮ ಮೊಣಕೈಯಿಂದ ತಿವಿದು, "ಡಾಕ್ಟ್ರೇ, ಹಲ್ಲು ಮುಗೀತು. ಇನ್ನು ಮುಂದೆ ಹೋದ್ರೆ ಗಲ್ಲ," ಎಂದು ಎಚ್ಚರಿಸಬೇಕಾಗುತ್ತಿತ್ತು.

ಚಿಕ್ಕ ಪಿಟೀಲಿಗೆ ಮಾತ್ರ ಇದೆಲ್ಲ ಅಷ್ಟಾಗಿ ಕಾಣಿಸುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕ್ಲಿನಿಕ್ಕಿಗೆ ಹೋಗುವ ಆತುರ. ದಾರಿಯಲ್ಲಿ ಬಸ್ಸಿನ ಬ್ರೇಕು, ಅಂಗಡಿಯ ಷಟರು, ಗಿರಣಿಯ ಪಟ್ಟೆ, ಎಲ್ಲವೂ ಅವಳನ್ನು ಏನೋ ಕೇಳುತ್ತಿದ್ದವು, ಅವಳು ಮನಸ್ಸಿನಲ್ಲೇ ಉತ್ತರ ಕೊಡುತ್ತ ನಡೆಯುತ್ತಿದ್ದಳು. ಉಣ್ಣುವಾಗ ಬೆರಳುಗಳು ತಟ್ಟೆಯ ಅಂಚಿನಲ್ಲಿ ಓಡಾಡುತ್ತಿದ್ದವು. ಇಷ್ಟು ವರ್ಷ ಪಿಟೀಲು ಮುಗಿಸಿ ಪೆಟ್ಟಿಗೆಗೆ ಇಟ್ಟರೆ ಸಾಕಪ್ಪ ಅನ್ನಿಸುತ್ತಿದ್ದವಳಿಗೆ ಈಗ ಪೆಟ್ಟಿಗೆ ಮುಚ್ಚಲು ಮನಸ್ಸು ಬರುತ್ತಿರಲಿಲ್ಲ.

ಆದರೆ ಮನೆಯಲ್ಲಿ ಬೇರೆಯೇ ಆಯಿತು. ಒಂದು ಸಂಜೆ ಎಂದಿನ ಹಾಗೆ ಅಭ್ಯಾಸಕ್ಕೆ ಕೂತಳು. ಕೈ ತನಗೆ ತೋಚಿದ ಕಡೆಗೆ ಹೋಯಿತು. ದೊಡ್ಡಮ್ಮ ಬಂದು, ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಜಗಳಕ್ಕೆ ಬಾಯಿ ತೆರೆದವರು ಹಾಗೇ ತಡೆದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಗಡಿಬಿಡಿಯಿಂದ ಸೆರಗು ಸರಿಮಾಡಿಕೊಂಡು, ಕೂದಲು ನೇವರಿಸಿಕೊಂಡು, ನೆಟ್ಟಗೆ ಕೂತು, "ಕ್ಷಮಿಸಿ, ಗೊತ್ತಾಗ್ಲಿಲ್ಲ. ಯಾರು ನೀವು?" ಎಂದರು.

ಅವಳು ಕಮಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ.

"ಯಜಮಾನ್ರು ಹೊರಗೆ ಹೋಗಿರಬೇಕು. ಕೂತ್ಕೊಳ್ಳಿ, ಬರ್ತಾರೆ," ಎಂದರು ದೊಡ್ಡಮ್ಮ.

ಅವಳು ಬೇಕೆಂದೇ ದೊಡ್ಡಪ್ಪನ ರಾಗಕ್ಕೆ ತಿರುಗಿದಳು, ತಲೆ ಬಲಕ್ಕೆ ವಾಲಿಸಿದಳು, ಜಾಗ ನೋಡಿ ಕೆಮ್ಮಿದಳು. ಪ್ರಯೋಜನವಾಗಲಿಲ್ಲ. ಕೆಮ್ಮು ಸುಳ್ಳು ಸುಳ್ಳಾಗಿ ಬಂತು. "ನಿಮಗೆ ನೆಗಡಿ ಇರೋ ಹಾಗಿದೆ, ನೀರು ಕಾಯಿಸ್ಲಾ?" ಎಂದು ದೊಡ್ಡಮ್ಮ ಉಪಚಾರ ಮಾಡಿದರು.

ಆ ಸಂಜೆ ಅವಳು ಹಿತ್ತಲಿನ ಕಟ್ಟೆಯ ಮೇಲೆ ಕೂತು ಅತ್ತಳು. ಸತ್ತ ದೊಡ್ಡಪ್ಪನನ್ನು ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡವಳು ತಾನು, ಈಗ ಹೊರಗೆ ಹಾಕಿದವಳೂ ತಾನೇ. ನಾಳೆಯಿಂದ ಕ್ಲಿನಿಕ್ಕಿಗೆ ಹೋಗುವುದಿಲ್ಲ ಎಂದುಕೊಂಡಳು. ಬೆಳಗಾದ ಮೇಲೆ ಕಾಲು ತಾನೇ ತಾನಾಗಿ ಆ ಕಡೆಗೆ ನಡೆಯಿತು.

ದೊಡ್ಡಮ್ಮ ಆ ಅಪರಿಚಿತನನ್ನು ದಿನವೂ ಸ್ವಾಗತಿಸತೊಡಗಿದರು. ಎದುರಿಗೆ ಒಳ್ಳೆಯ ಕುರ್ಚಿ ಹಾಕಿಸಿದರು. ಮೊದಮೊದಲು ಹವಾಮಾನದ ಮಾತು, ಆಮೇಲೆ ನಿಧಾನವಾಗಿ ಗಂಡನ ಮಾತು. "ಅವರು ಬರೋ ಮುಂಚೆ ಹೇಳಿಬಿಡ್ತೀನಿ ಕೇಳಿ. ನನಗೂ ಹಾಡೋದಕ್ಕೆ ಬರ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದ್ಸಲ ಅಡುಗೆಮನೇಲಿ ಹಾಡಿದೆ. ಅವರು ಬಂದು ಬಾಗಿಲು ಹಾಕಿಕೊಂಡು ಹೋದ್ರು. ಬೈಲಿಲ್ಲ, ಬರೀ ಬಾಗಿಲು ಹಾಕಿದ್ರು." ಗಂಡನಿಗೇ ಎಂದೂ ಹೇಳದ ಮಾತನ್ನು ಅವರು ಪರಕೀಯನಿಗೆ ಹೇಳಿದರು. ಚಿಕ್ಕ ಪಿಟೀಲು ಆ ಮಾತಿನ ಕೆಳಗೆ ಬಹಳ ಮೆಲ್ಲಗೆ ನುಡಿಸುತ್ತ ಹೋದಳು. ಅಡ್ಡ ಬರದೆ ಜೊತೆಗಿರುವುದನ್ನು ಅವಳು ಯಂತ್ರದಿಂದ ಕಲಿತಿದ್ದಳು.

ಅಷ್ಟರಲ್ಲಿ ಸಂಗೀತ ಭವನದ ಕಾರ್ಯದರ್ಶಿಯವರಿಗೂ ಹಲ್ಲು ನೋವು ಬಂತು. ಸಿಹಿ ಜಾಸ್ತಿ ತಿನ್ನುತ್ತಿದ್ದರು, ಬರಲೇಬೇಕಿತ್ತು. ಅರ್ಧ ಹಲ್ಲು ಮುಗಿಯುವಷ್ಟರಲ್ಲಿ ಅವರು ಕುರ್ಚಿಯಿಂದಲೇ ಕೈಯೆತ್ತಿ ತಡೆದು, ಹತ್ತಿ ತುಂಬಿದ ಬಾಯಲ್ಲಿ, "ಇದು ಇಲ್ಲಿರಬಾರ್ದು. ವೇದಿಕೆಗೆ ಬರ್ಬೇಕು," ಎಂದರು.

"ವೇದಿಕೆ ಮೇಲೆ ರೋಗಿ ಯಾರು?" ಎಂದು ಕೇಳಿದರು ನರ್ಸಮ್ಮ.

"ಉಳಿದರ್ಧ ಅಲ್ಲೇ ಕೊರೀಲಿ. ಕಲೆಗೋಸ್ಕರ ಅಷ್ಟೂ ಮಾಡ್ದೇ ಇದ್ರೆ ಹೇಗೆ?" ಎಂದರು ಕಾರ್ಯದರ್ಶಿ.

ಹೀಗೆ, ಒಂದು ಭಾನುವಾರ ಸಂಜೆ, ನಾಲ್ಕು ಜನ ಹಮಾಲರು ಹಲ್ಲಿನ ಡಾಕ್ಟರ ಕುರ್ಚಿಯನ್ನು ಹೊತ್ತುಕೊಂಡು ಭವನದ ಮೆಟ್ಟಿಲು ಹತ್ತಿದರು. ಹಿಂದೆ ಯಂತ್ರ, ಅದರ ಹಿಂದೆ ಉಗಿಯುವ ಬೋಗುಣಿ, ಕೊನೆಯಲ್ಲಿ ನರ್ಸಮ್ಮ. ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ತರು, ಅವರ ಪಕ್ಕದಲ್ಲಿ ದೊಡ್ಡಮ್ಮ. ಯಾವ ಕಾರ್ಯಕ್ರಮ ಎಂದು ದೊಡ್ಡಮ್ಮ ಕೇಳಿರಲಿಲ್ಲ, ಒಳ್ಳೆ ಸೀರೆ ಉಟ್ಟುಕೊಂಡು ಬಂದಿದ್ದರು. ಕಾರ್ಯದರ್ಶಿಯವರು ಸ್ವಾಗತ ಭಾಷಣ ಮಾಡಿ, ಸಭೆಗೆ ಕೈಮುಗಿದು, ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದರು.

ಡಾಕ್ಟರು ಯಂತ್ರದ ಕೊಳವೆಯನ್ನು ಕೈಗೆ ತೆಗೆದುಕೊಂಡರು. ಆಮೇಲೆ ಸಭೆಯ ಕಡೆ ನೋಡಿದರು. ನೋಡಬಾರದಿತ್ತು. ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಅವರು ಜೀವಮಾನದಲ್ಲಿ ಕಂಡವರಲ್ಲ. ಪೆಡಲಿನ ಮೇಲಿದ್ದ ಕಾಲು ಕಲ್ಲಾಯಿತು. ಹಿಂದಕ್ಕೆ ಬಾಚಿದ ಕೂದಲು ಹಣೆಗೆ ಬಿತ್ತು. ಯಂತ್ರ ಮಾತಾಡಲಿಲ್ಲ.

ಚಿಕ್ಕ ಪಿಟೀಲು ಕಮಾನು ಎತ್ತಿ ಕಾದಳು. ಕಾದಳು. ಕಾರ್ಯದರ್ಶಿಯವರ ಬಾಯಲ್ಲಿ ಒಂದು ನೊಣ ಬಂದು ವಿಚಾರಿಸಿಕೊಂಡು ಹೋಯಿತು. ಹಿಂದಿನ ಸಾಲಿನಿಂದ ಯಾರೋ ನಕ್ಕರು. ಜನ ಅಭ್ಯಾಸ ಬಲದಿಂದ ಕಣ್ಣು ಮುಚ್ಚಿದ್ದವರು ಈಗ ಒಬ್ಬೊಬ್ಬರಾಗಿ ತೆರೆದರು. ಅವಳ ಪಕ್ಕದಲ್ಲಿ ದೊಡ್ಡಪ್ಪನ ಫೋಟೋ ಇರಲಿಲ್ಲ, ಮುಂದೆ ಯಂತ್ರದ ಸದ್ದಿರಲಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಆಗ ಮುಂದಿನ ಸಾಲಿನಿಂದ ದೊಡ್ಡಮ್ಮನ ಗಂಟಲು ಕೇಳಿತು. ಅಡುಗೆಮನೆಯಿಂದ ಪಡಸಾಲೆಗೆ ಕೂಗುವ ಅದೇ ದನಿ.

"ಶುರು ಮಾಡೇ ಮಗಳೇ. ಯಾರಿಗೆ ಕಾಯ್ತಿದೀಯಾ?"

ಅವಳು ತಿರುಗಿ ನೋಡಿದಳು. ದೊಡ್ಡಮ್ಮನ ಕಣ್ಣು ತೆರೆದಿತ್ತು. ಅವಳನ್ನೇ ನೋಡುತ್ತಿತ್ತು.

ಅವಳು ಶುರು ಮಾಡಿದಳು. ಏನು ನುಡಿಸಿದಳು ಎಂದು ಆಮೇಲೆ ಯಾರು ಕೇಳಿದರೂ ಅವಳಿಗೆ ಸರಿಯಾಗಿ ಹೇಳಲಾಗಲಿಲ್ಲ. ಆ ಎರಡು ಸ್ವರಗಳ ನಡುವಿನ ಸಂದಿಯಿಂದ ಹೊರಟಳು ಎಂಬುದಷ್ಟೇ ನೆನಪು. ಅಡುಗೆಮನೆಯಲ್ಲಿ ಹಾಡುತ್ತಿರುವ ಹೊಸ ಮದುಮಗಳು ಅದರಲ್ಲಿ ಎಲ್ಲೋ ಇದ್ದಳಂತೆ, ಹಾಗೆಂದು ಆಮೇಲೆ ದೊಡ್ಡಮ್ಮ ಹೇಳಿದರು. ನುಡಿಸುತ್ತ ನುಡಿಸುತ್ತ ಬಹಳ ಹೊತ್ತಾದ ಮೇಲೆ ಡಾಕ್ಟರ ಕಾಲಿಗೆ ಜೀವ ಬಂತು. ಯಂತ್ರ ಹಿಂದಿನಿಂದ ಸಂಕೋಚದಿಂದ ಎದ್ದು ಅವಳ ಜೊತೆ ಸೇರಿಕೊಂಡಿತು. ಕಾರ್ಯದರ್ಶಿಯವರ ಹಲ್ಲು ಶಾಸ್ತ್ರೋಕ್ತವಾಗಿ ಮುಗಿಯಿತು. ಅವರು ಎದ್ದು ಬೋಗುಣಿಗೆ ಉಗಿದಾಗ ಕಾರ್ಯಕ್ರಮ ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಅಲ್ಲ. ಕೆಲವು ಹಿರಿಯರು ನಡುವೆಯೇ ಎದ್ದು ಹೋಗಿದ್ದರು. "ದೊಡ್ಡವರ ಹೆಸರು ಹಾಳು ಮಾಡಿದಳು," ಎಂದು ಒಬ್ಬರು ಬಾಗಿಲಲ್ಲಿ ನಿಂತು ಕೇಳಿಸುವ ಹಾಗೇ ಅಂದರು. ಅವಳಿಗೆ ಅದು ಚುಚ್ಚಿತು. ಆದರೆ ಇನ್ನೊಬ್ಬ ಹೆಂಗಸು ಹತ್ತಿರ ಬಂದು, ಅವಳ ಮುಖವನ್ನು ದಿಟ್ಟಿಸಿ ನೋಡಿ, "ನಿಮ್ಮ ಗಲ್ಲದ ಮೇಲೆ ಮಚ್ಚೆ ಇದೆ!" ಎಂದು ಆಶ್ಚರ್ಯಪಟ್ಟಳು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ದೊಡ್ಡಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಅಂದರು, "ಅವರು ಇವತ್ತು ಬಂದಿರ್ಲಿಲ್ಲ, ಅಲ್ವಾ?"

"ಇಲ್ಲ ದೊಡ್ಡಮ್ಮ."

"ಬರದೇ ಇದ್ದದ್ದೇ ಒಳ್ಳೇದಾಯ್ತು. ಬಂದಿದ್ರೆ ನಿನ್ನ ಮಧ್ಯದಲ್ಲೇ ನಿಲ್ಲಿಸಿಬಿಡ್ತಿದ್ರು." ಆಮೇಲೆ, "ಒಳ್ಳೆ ಮನುಷ್ಯ. ಬಾಗಿಲು ಹಾಕೋ ಚಟ ಒಂದಿತ್ತು ಅಷ್ಟೆ," ಎಂದರು. ಅವಳು ದೊಡ್ಡಮ್ಮನ ಕೈ ಹಿಡಿದುಕೊಂಡಳು. ಇಳಿಯುವ ಜಾಗ ದಾಟಿ ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಭವನದವರು ಮತ್ತೆ ಕರೆಯಲಿಲ್ಲ. ಕಾರ್ಯದರ್ಶಿಯವರಿಗೆ ಅಷ್ಟರಲ್ಲಿ ಕಣ್ಣಿನ ತೊಂದರೆ ಶುರುವಾಗಿ, ಅವರ ಆಸಕ್ತಿ ಆ ಕಡೆಗೆ ತಿರುಗಿತ್ತು. ಹಮಾಲರು ಇಳಿಸುವಾಗ ಎತ್ತಿ ಹಾಕಿದ್ದಕ್ಕೋ ಏನೋ, ಹಳೆಯ ಯಂತ್ರ ಕೆಲವು ದಿನ ಕೆಮ್ಮಿ ಕೆಮ್ಮಿ ಸುಟ್ಟುಹೋಯಿತು. ಡಾಕ್ಟರು ಹೊಸದು ತರಿಸಿದರು. ಅದು ಶುರುವಾಗಿದೆಯೋ ಇಲ್ಲವೋ ಎಂದು ಕಿವಿ ಹತ್ತಿರ ಇಟ್ಟು ನೋಡಬೇಕು, ಅಷ್ಟು ಮೆತ್ತಗೆ. ಇನ್ನು ತನ್ನ ಕೆಲಸ ಮುಗಿಯಿತೆಂದು ಅವಳು ಪೆಟ್ಟಿಗೆ ಎತ್ತಿಕೊಂಡು ಡಾಕ್ಟರಿಗೆ ಹೇಳಿಹೋಗಲು ಬಂದಳು.

"ಎಲ್ಲಿಗೆ ಹೊರಟ್ರಿ?" ಎಂದರು ಡಾಕ್ಟರು.

"ಮುಚ್ಚೋದಕ್ಕೆ ಶಬ್ದವೇ ಇಲ್ಲವಲ್ಲ ಡಾಕ್ಟ್ರೇ."

"ಇಷ್ಟು ದಿನ ನೀವು ನನ್ನ ಹಿಂದೆ ಬಂದ್ರಿ. ಈಗ ನಾನು ನಿಮ್ಮ ಹಿಂದೆ ಬರ್ತೀನಿ. ನುಡಿಸಿ."

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವನು ಗಾರೆ ಮೇಸ್ತ್ರಿ. ಓಡಿಹೋಗಲು ಇದೇ ಸಮಯವೆಂದು ಅವನಿಗೆ ಅನ್ನಿಸಿತು, ಆದರೆ ನರ್ಸಮ್ಮ ಆಗಲೇ ಭುಜದ ಮೇಲೆ ಕೈ ಇಟ್ಟಿದ್ದರು. ಅವಳು ಒಳಕೋಣೆಯ ಬಾಗಿಲಲ್ಲೇ ನಿಂತು ಕಮಾನು ಎಳೆದಳು. ಅವಳು ಮೇಲಕ್ಕೆ ಹೋದಾಗ ಡಾಕ್ಟರ ಕೈ ಮೇಲಕ್ಕೆ ಹೋಯಿತು, ಇಳಿದಾಗ ಇಳಿಯಿತು, ಅವಳು ತಡೆದು ನಿಂತಾಗ ಅವರೂ ಉಸಿರು ಬಿಗಿಹಿಡಿದು ನಿಂತರು.

"ಡಾಕ್ಟ್ರೇ, ಹಲ್ಲು ನೋಡಿ, ಪಿಟೀಲು ನೋಡ್ಬೇಡಿ!" ಎಂದು ನರ್ಸಮ್ಮ ಕೂಗುತ್ತಲೇ ಇದ್ದರು.

ಮುಗಿದ ಮೇಲೆ ಮೇಸ್ತ್ರಿ ಬಾಯಿ ಮುಕ್ಕಳಿಸಿ, ನಾಲಿಗೆಯಿಂದ ಒಂದೊಂದೇ ಹಲ್ಲನ್ನು ತಡವಿ ಲೆಕ್ಕ ನೋಡಿಕೊಂಡ. ಎಲ್ಲ ಜಾಗದಲ್ಲಿದ್ದವು. ನೋವಿನ ಹಲ್ಲೂ ಸರಿಯಾಗಿತ್ತು. ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಅಮ್ಮಾ, ಇದು ಯಾರ ಹತ್ತಿರ ಕಲಿತಿದ್ದು?"

ಅವಳು ಬಾಯಿ ತೆರೆದಳು. ದೊಡ್ಡಪ್ಪ ಅನ್ನಬೇಕೋ, ಯಂತ್ರ ಅನ್ನಬೇಕೋ, ದೊಡ್ಡಮ್ಮ ಅನ್ನಬೇಕೋ ತಿಳಿಯಲಿಲ್ಲ. "ಕಲೀತಾ ಇದೀನಿ," ಎಂದಳು. ಹೊರಗಿನ ಕೋಣೆಯಿಂದ ನರ್ಸಮ್ಮ ಮುಂದಿನವರ ತೋಳು ಹಿಡಿದು ಒಳಗೆ ತಂದರು.